ಹೆಪ್ಪಣ್ಣನಿಗೆ ತೆಳುವಿನ ಮಾತ್ರೆ

ಮೊದಲ ಹನಿ ಬಿದ್ದದ್ದು ನಿವೃತ್ತ ಟೀಚರಮ್ಮನ ಸ್ಟೀಲ್ ಡಬ್ಬಿಯೊಳಗೆ, ಆಗತಾನೆ ತುಂಬಿದ ಮೊಸರಿನ ನಟ್ಟನಡುವೆ.

ಬೆಳಗಿನ ಏಳೂಮುಕ್ಕಾಲು. ಮೊಸರಂಗಡಿಯ ಮುಂದೆ ಆರು ಜನರ ಸಾಲಿತ್ತು. ಅಗಲ ಸೌಟಿನಿಂದ ಮೊಸರನ್ನು ಒಡೆಯದಂತೆ ಪದರಪದರವಾಗಿ ಎತ್ತಿ ಡಬ್ಬಿಗೆ ಜಾರಿಸುವುದರಲ್ಲಿ ಹೆಪ್ಪಣ್ಣನದು ಎತ್ತಿದ ಕೈ. ಆ ದಿನವೂ ಮೈಯೆಲ್ಲ ಕೈಯಾಗಿ ಬಗ್ಗಿದ್ದ. ಮೂಗಿನ ತುದಿ ತಣ್ಣಗಾದಂತೆ ಅನ್ನಿಸಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಏನಪ್ಪಾ ಇದು, ಕೆಂಪಗೆ?"

"ಹೂವಿನ ಎಸಳಿರ್ಬೇಕು ಟೀಚರಮ್ಮ. ಗಾಳಿಗೆ ಬಿದ್ದಿದೆ."

ಆ ಬೀದಿಯಲ್ಲಿ ಹೂವಿನ ಗಿಡ ಹಾಗಿರಲಿ, ಹುಲ್ಲುಕಡ್ಡಿಯೂ ಇರಲಿಲ್ಲ. ಟೀಚರಮ್ಮ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಎರಡನೆಯ ಎಸಳು ಬಿತ್ತು. ಹಿಂದೆಯೇ ಮೂರನೆಯದು. ಮೂವತ್ತೆರಡು ವರ್ಷ ಬೇರೆಯವರ ಬಿಳಿ ಹಾಳೆಯ ಮೇಲೆ ಕೆಂಪು ಶಾಯಿ ಚೆಲ್ಲಿದ ಆಕೆಗೆ, ತನ್ನ ಬಿಳಿಯ ಮೇಲೆ ಬೇರೆಯವರ ಕೆಂಪು ಬಿದ್ದದ್ದು ಅದೇ ಮೊದಲು. ಡಬ್ಬಿಯನ್ನು ಕಟ್ಟೆಯ ಮೇಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಉಳಿದ ಐವರು ನಾಲ್ಕು ಹೆಜ್ಜೆ ಸರಿದರು.

ಒಳಗೆ ಹಾಲಿನ ಕೊಳಗ ತಿಕ್ಕುತ್ತಿದ್ದ ಹೆಂಡತಿ ಒದ್ದೆ ಬಟ್ಟೆಯೊಂದಿಗೆ ಓಡಿಬಂದು ಅವನ ಮೂಗು ಒತ್ತಿ ಹಿಡಿದಳು. ಮುಕ್ಕಾಲು ಗಂಟೆ ಹಿಡಿದಳು. ಅಷ್ಟು ಹೊತ್ತೂ ಅವನು ಬಾಯಲ್ಲಿ ಉಸಿರಾಡುತ್ತಾ, ತನ್ನ ಮುಂದಿನ ಖಾಲಿ ಜಾಗವನ್ನೇ ನೋಡುತ್ತಾ ಕೂತಿದ್ದ. ಅವತ್ತಿನ ಮೊಸರೆಲ್ಲ ಮೋರಿಗೆ ಹೋಯಿತು. ಎರಡು ಬೀದಿಯ ಬೆಕ್ಕುಗಳು ಆ ದಿನವನ್ನು ಬಹಳ ಕಾಲ ನೆನಪಿಟ್ಟುಕೊಂಡಿರಬೇಕು.

ಅವನ ನಿಜವಾದ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿರಲಿಲ್ಲ. ಅಪ್ಪ ಹಾಲು ಮಾರುತ್ತಿದ್ದ. ಮಗ ಉಳಿದ ಹಾಲಿಗೆ ಹೆಪ್ಪು ಹಾಕತೊಡಗಿದ. ಬರಬರುತ್ತಾ ಹಾಲಿಗಿಂತ ಮೊಸರಿಗೇ ಗಿರಾಕಿ ಹೆಚ್ಚಾಗಿ, ಹೆಪ್ಪು ಹಾಕುವ ಅಣ್ಣ ಹೆಪ್ಪಣ್ಣನಾದ. ಹಾಲಿನ ಬಿಸಿ ನೋಡಲು ಅವನಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ಬಲಗೈಯ ಕಿರುಬೆರಳನ್ನು ಕೊಳಗದಲ್ಲಿ ಅದ್ದಿ ಐದು ಎಣಿಸುವನು. ಐದಾಗುವ ಮೊದಲೇ ಬೆರಳು 'ಸಾಕಪ್ಪಾ' ಎಂದರೆ ಹಾಲು ಇನ್ನೂ ಆರಬೇಕು. 'ಇರಲಿ ಬಿಡು' ಎಂದರೆ ಹದ. ಮೂವತ್ತನಾಲ್ಕು ವರ್ಷದಲ್ಲಿ ಆ ಬೆರಳು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ನಿನ್ನೆಯ ಮೊಸರೇ ಇವತ್ತಿನದಕ್ಕೆ ಹೆಪ್ಪು, ಇವತ್ತಿನದು ನಾಳೆಯದಕ್ಕೆ. "ನಮ್ಮನೇಲಿ ಸರಿಯಾದ ವಂಶಾವಳಿ ಇರೋದು ಈ ಬಟ್ಟಲಿಗೆ ಒಂದಕ್ಕೇ" ಎಂದು ಹೆಪ್ಪಿನ ಬಟ್ಟಲನ್ನು ತೋರಿಸುತ್ತಿದ್ದ. ಮಕ್ಕಳಿಲ್ಲದ ಮನೆ. ಆ ಮಾತಿಗೆ ಹೆಂಡತಿ ನಗುತ್ತಿದ್ದಳು, ಆದರೆ ಪೂರ್ತಿ ನಗುತ್ತಿರಲಿಲ್ಲ.

ಹೆಪ್ಪಿನಿಂದ ಬದುಕಿದವನಿಗೆ ಹೆಪ್ಪೇ ಹಗೆಯಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಎಂದು ಬಂದು ಹೋದ ಜ್ವರವೊಂದು ಹೋಗುವಾಗ ಎದೆಯ ಕವಾಟವೊಂದನ್ನು ಕೆಡಿಸಿ ಹೋಗಿತ್ತು. ಕವಾಟ ಎಂದರೆ ಬಾಗಿಲು ತಾನೆ? ಆ ಬಾಗಿಲು ತುಕ್ಕು ಹಿಡಿದಂತಾಗಿ, ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾದಾಗ ಡಾಕ್ಟರಮ್ಮ ಎದೆ ತೆರೆಸಿ ಲೋಹದ ಬಾಗಿಲು ಹಾಕಿಸಿದರು. "ಬಾಗಿಲು ನೂರು ವರ್ಷ ಬರುತ್ತೆ. ಆದ್ರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಈ ಮಾತ್ರೆ ತಗೋಬೇಕು, ಬದುಕಿರೋವರೆಗೂ" ಎಂದರು. ಮಾತ್ರೆ ಪಟ್ಟಿಯ ಮೇಲೆ ವಾರ್ಫರಿನ್ ಎಂದಿತ್ತು. ಎಲ್ಲರ ಬಾಯಲ್ಲೂ ಅದು 'ರಕ್ತ ತೆಳ್ಳಗೆ ಮಾಡೋ ಮಾತ್ರೆ'.

ಲೋಹದ ಬಾಗಿಲು ಪ್ರತಿಸಲ ಮುಚ್ಚುವಾಗಲೂ ಸದ್ದು ಮಾಡುತ್ತಿತ್ತು. ಟಿಕ್, ಟಿಕ್. ಅಗ್ಗದ ಕೈಗಡಿಯಾರವೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ ಹಾಗೆ. ಮೊದಲ ವರ್ಷ ಹೆಂಡತಿಗೆ ಅದರಿಂದ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಅದಿಲ್ಲದೆ ಬರುತ್ತಿರಲಿಲ್ಲ. ಕರೆಂಟು ಹೋದರೆ ಗಂಡ ಯಾವ ಮೂಲೆಯಲ್ಲಿದ್ದಾನೆಂದು ಅವಳು ಕೂಗಿ ಕೇಳಬೇಕಾಗಿರಲಿಲ್ಲ. "ಕದ್ದು ಒಂದ್ ಚಮಚ ಸಕ್ಕರೆ ತಿನ್ನೋ ಹಾಗಿಲ್ಲ, ಎದೆನೇ ಚಾಡಿ ಹೇಳುತ್ತೆ" ಎಂದು ಅವನು ಗೊಣಗುತ್ತಿದ್ದ. ಅವಳು ಒಮ್ಮೆ ಕೇಳಿದ್ದಳು.

"ನಿಮಗೆ ತೊಂದ್ರೆ ಆಗಲ್ವೇನ್ರೀ, ಈ ಸದ್ದು?"

"ಅಭ್ಯಾಸ ಆಗೋಯ್ತು" ಎಂದಿದ್ದ.

ಸದ್ದಿಗೆ ಅಭ್ಯಾಸವಾದರೂ ಪರೀಕ್ಷೆಗೆ ಆಗಲಿಲ್ಲ. ತಿಂಗಳಿಗೊಮ್ಮೆ, ಅಂಕಿ ಹಟ ಹಿಡಿದರೆ ವಾರಕ್ಕೊಮ್ಮೆ, ಲ್ಯಾಬಿಗೆ ಹೋಗಿ ರಕ್ತ ಕೊಡಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವೆಂದು ಹೇಳುವ ಆ ಅಂಕಿ ಎರಡೂವರೆಯಿಂದ ಮೂರೂವರೆಯೊಳಗಿರಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಸೊಪ್ಪು ತಿನ್ನಬಾರದೆಂದಿಲ್ಲ, ಆದರೆ ಇವತ್ತು ರಾಶಿ, ನಾಳೆ ಖಾಲಿ ಮಾಡುವಂತಿಲ್ಲ. ದಿನವೂ ಒಂದೇ ಅಳತೆ. "ಸೊಪ್ಪು ಹೆಚ್ಚಾದ್ರೆ ಹೆಪ್ಪು, ಸೊಪ್ಪು ಬಿಟ್ರೆ ಕೆಂಪು, ಎರಡರ ನಡುವೆ ನಾನು ಬೆಪ್ಪು" ಎಂದು ಅವನು ಹಾಡಿದಾಗ ಲ್ಯಾಬಿನಾಕೆ ಸೂಜಿ ಚುಚ್ಚುವುದನ್ನು ನಿಲ್ಲಿಸಿ ನಕ್ಕಿದ್ದಳು.

ಮೂಗಿನ ದಿನ ಅಂಕಿ ಆರು ದಾಟಿತ್ತು. ಹಿಂದಿನ ವಾರ ಗಂಟಲು ನೋವಿಗೆಂದು ಮೂಲೆಯ ಔಷಧಿ ಅಂಗಡಿಯಿಂದ ತಂದು ನುಂಗಿದ ಮಾತ್ರೆ ಹಳೆಯ ಮಾತ್ರೆಗೆ ಕುಮ್ಮಕ್ಕು ಕೊಟ್ಟಿತ್ತು. ಡಾಕ್ಟರಮ್ಮ ಎರಡು ದಿನ ವಾರ್ಫರಿನ್ ನಿಲ್ಲಿಸಿ, ಮೂರನೆಯ ದಿನ ಮತ್ತೆ ರಕ್ತ ಕೊಡಲು ಹೇಳಿದರು. "ಯಾವ ಮಾತ್ರೆ ಬದಲಾಯಿಸ್ಬೇಕಾದ್ರೂ ನನ್ನನ್ನ ಕೇಳಿ" ಎಂದರು. ಅವನು ತಲೆಯಾಡಿಸಿದ. ತಲೆಯಾಡಿಸಲು ಪರೀಕ್ಷೆ ಬೇಕಿಲ್ಲವಲ್ಲ.

ಮರುದಿನ ಸಾಲಿನಲ್ಲಿ ಇಬ್ಬರಿದ್ದರು. ಅವರೂ ಅವನ ಮೂಗನ್ನು ನೋಡುತ್ತಾ ನಿಂತಿದ್ದರು.

ಆಗ ಬಂದವನು ಹೆಂಡತಿಯ ತಮ್ಮ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ಸ್ವಯಂ ನಿವೃತ್ತಿ ಪಡೆದವನು. ಕೆಲಸ ಬಿಟ್ಟರೂ ಗಂಟಲು ಬಿಟ್ಟಿರಲಿಲ್ಲ. ಮೂರು ಮನೆಯಾಚೆಗೂ ಕೇಳುವಂತೆ ಮಾತಾಡುವನು. ಅವನ ಎದೆಬಡಿತ ಒಂದು ವರ್ಷದಿಂದ ತಾಳ ತಪ್ಪಿತ್ತು. ಅದಕ್ಕೆ ಅವನಿಗೂ ಒಂದು ಮಾತ್ರೆ ಕೊಟ್ಟಿದ್ದರು.

"ನನ್ನ ಎದೆ ಹಳೇ ಬಸ್ಸು ಭಾವ, ಎಲ್ಲೆಂದರಲ್ಲಿ ನಿಂತು ಹೋಗುತ್ತೆ. ನಿಂತಲ್ಲಿ ರಕ್ತ ಗುಂಪು ಕಟ್ಕೊಳುತ್ತಂತೆ. ಅದಕ್ಕೇ ಈ ಮಾತ್ರೆ. ಒಳಗೆ ಹೋಗಿ ಏನ್ ಮಾಡುತ್ತೆ ಗೊತ್ತಾ? 'ಬಾಗಿಲಲ್ಲಿ ನಿಲ್ಬೇಡಿ, ಮುಂದೆ ಹೋಗಿ, ಮುಂದೆ ಹೋಗಿ' ಅಂತ ಕೂಗ್ತಾ ಇರುತ್ತೆ."

"ಅಂಕಿ ಎಷ್ಟಿರ್ಬೇಕು ನಿಂದು?"

"ಯಾವ ಅಂಕಿ?"

"ಪರೀಕ್ಷೆ ಮಾಡಿಸಲ್ವಾ?"

"ಇದಕ್ಕೆ ಅಂಕಿ ಪರೀಕ್ಷೆ ಇಲ್ಲ, ಸೊಪ್ಪಿನ ಪಥ್ಯನೂ ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಮುಗೀತು. ಇದು ಹೊಸದು ಭಾವ! ನೀನು ಯಾವ ಕಾಲದ ಮಾತ್ರೆ ಇಟ್ಕೊಂಡು ಒದ್ದಾಡ್ತಿದ್ದೀಯ?"

ಹೆಪ್ಪಣ್ಣ ಹೆಂಡತಿಯ ಮುಖ ನೋಡಿದ. ಹೆಂಡತಿ ತಮ್ಮನ ಕೈಯಲ್ಲಿದ್ದ ಪಟ್ಟಿಯನ್ನು ನೋಡುತ್ತಿದ್ದಳು.

"ಇದೂ ರಕ್ತ ತೆಳ್ಳಗೆ ಮಾಡೋದೇ ಏನೋ?" ಎಂದು ಕೇಳಿದಳು.

"ಅದೇ ಅಕ್ಕ. ಅದೂ ತೆಳ್ಳಗೆ ಮಾಡೋದು, ಇದೂ ತೆಳ್ಳಗೆ ಮಾಡೋದು."

ಅವಳ ತಲೆ ಹಾಲಿನ ದಾರಿಯಲ್ಲೇ ಓಡಿತು. ಬೇರೆ ದಾರಿಯನ್ನು ಅವಳು ನಡೆದಿರಲೂ ಇಲ್ಲ. "ಹೌದಲ್ಲ. ನೀರು ಬಾವಿದಾದ್ರೇನು, ನಲ್ಲಿದಾದ್ರೇನು? ಬೆರೆಸಿದ ಮೇಲೆ ಹಾಲು ತೆಳ್ಳಗೇ ಆಗ್ಬೇಕು" ಎಂದಳು.

ಹೆಪ್ಪಣ್ಣನಿಗೂ ಅದು ಸರಿ ಎನ್ನಿಸಿತು. ಹಾಲಿನವರ ಮನೆಯಲ್ಲಿ ನೀರಿನ ಮಾತಿಗೆ ಎದುರು ಮಾತುಂಟೆ? ಡಾಕ್ಟರಮ್ಮನನ್ನು ಕೇಳುವ ಮಾತು ಒಮ್ಮೆ ಬಂದಿತು. "ಕೇಳಿದ್ರೆ ಬೇಡ ಅಂತಾರೆ" ಎಂದು ಅವನೇ ಅದನ್ನು ತಳ್ಳಿಹಾಕಿದ. ಬೇಡ ಎನ್ನುವರೆಂದು ಗೊತ್ತಿದ್ದೇ ನಾವು ಕೇಳದಿರುವ ಪ್ರಶ್ನೆಗಳು ಎಷ್ಟೋ.

ತಮ್ಮ ತನ್ನ ಮಾತ್ರೆಯಲ್ಲೇ ಪಾಲು ಕೊಟ್ಟ. ಬೆಳಗಿನದು ಭಾವನಿಗೆ, ಸಂಜೆಯದು ತನಗೆ. ಮೂವತ್ತು ವರ್ಷ ಒಂದು ಟಿಕೆಟಿನಲ್ಲಿ ಇಬ್ಬರನ್ನು ಹತ್ತಿಸಿಕೊಳ್ಳದ ಕಂಡಕ್ಟರ್, ನಿವೃತ್ತನಾದ ಮೇಲೆ ಆ ಕೆಲಸ ಮಾಡಿದ. ವಾರಕ್ಕೊಮ್ಮೆ ಅಕ್ಕನೇ ಹೋಗಿ ಕತ್ತರಿಸಿದ ಪಟ್ಟಿಯನ್ನು ಕೈಚೀಲದಲ್ಲಿ ತರುತ್ತಿದ್ದಳು. ಹಳೆಯ ಮಾತ್ರೆಯ ಡಬ್ಬಿ ಕಪಾಟಿನ ಮೇಲಿನ ಹಲಗೆಗೆ ಹೋಯಿತು.

ಆಮೇಲಿನ ಐದು ವಾರ ಆ ಮನೆ ನಗುತ್ತಿತ್ತು. ಮೂಗು ಸೋರಲಿಲ್ಲ. ಗಡ್ಡ ಕೆರೆದುಕೊಂಡರೆ ಕೆನ್ನೆಗೆ ಕಾಗದದ ಚೂರು ಅಂಟಿಸಿಕೊಳ್ಳಬೇಕಾಗಲಿಲ್ಲ. ಹೆಪ್ಪಣ್ಣ ಹನ್ನೊಂದು ವರ್ಷದ ಸೇಡು ತೀರಿಸಿಕೊಳ್ಳುವವನಂತೆ ತಟ್ಟೆ ತುಂಬ ಸೊಪ್ಪು ತಿಂದ. ಲ್ಯಾಬಿನ ಮುಂದೆ ಹಾದುಹೋಗುವಾಗ ಕೈಯೆತ್ತಿ ಒಳಗಿದ್ದವಳಿಗೆ ನಮಸ್ಕಾರ ಮಾಡಿದ. ಸಾಲು ಮತ್ತೆ ನಾಲ್ಕಾಯಿತು, ಐದಾಯಿತು. ಟೀಚರಮ್ಮ ಒಬ್ಬರು ಮಾತ್ರ ಬರಲಿಲ್ಲ.

ಆರನೆಯ ವಾರದ ಒಂದು ಮಧ್ಯಾಹ್ನ, ಅಂಗಡಿಯ ಬಾಗಿಲೆಳೆದು ಊಟ ಮುಗಿಸಿ ಇಬ್ಬರೂ ಹಿಂದಿನ ಕೋಣೆಯಲ್ಲಿ ಅಡ್ಡಾಗಿದ್ದರು. ಅವನಿಗೆ ಮಲಗಿದ ಕೂಡಲೇ ನಿದ್ದೆ ಹತ್ತಿತು. ಅವಳಿಗೆ ಹತ್ತಲಿಲ್ಲ. ಏನೋ ಮರೆತಂತೆ, ಒಲೆ ಆರಿಸಿಲ್ಲವೇನೋ ಎಂಬಂತೆ ಕಸಿವಿಸಿ. ಎದ್ದು ಒಲೆ ನೋಡಿ ಬಂದಳು, ನಲ್ಲಿ ನೋಡಿ ಬಂದಳು. ಮತ್ತೆ ಮಲಗಿದ ಮೇಲೆ ಹೊಳೆಯಿತು. ಫ್ಯಾನಿನ ಸದ್ದು ಕೇಳುತ್ತಿತ್ತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಒತ್ತಿದ್ದು ಕೇಳಿತು. ಟಿಕ್ ಕೇಳುತ್ತಿರಲಿಲ್ಲ.

ಅವನ ಎದೆಗೆ ಕಿವಿ ಇಟ್ಟಳು. ಎದೆ ಬಡಿಯುತ್ತಿತ್ತು, ಹತ್ತಿಯ ಹಾಸಿಗೆಯೊಳಗೆ ಯಾರೋ ಗುದ್ದಿದ ಹಾಗೆ ಮೆತ್ತಗೆ. ಲೋಹದ ದನಿ ಇರಲಿಲ್ಲ. ಎಬ್ಬಿಸಲೆಂದು ಭುಜದ ಮೇಲೆ ಕೈಯಿಟ್ಟವಳು ಅವನ ಮುಖ ನೋಡಿದಳು. ಹುಬ್ಬು ಸಡಿಲಾಗಿತ್ತು. ಬಾಯಿ ಅರೆತೆರೆದಿತ್ತು. ತೊಟ್ಟಿಲ ಮಗುವಿನ ನಿದ್ದೆ. ಅಂಥ ನಿದ್ದೆಯನ್ನು ಅವನ ಮುಖದ ಮೇಲೆ ಯಾವಾಗ ನೋಡಿದ್ದೆನೆಂದು ಅವಳಿಗೆ ನೆನಪಾಗಲಿಲ್ಲ. ಹೊಸ ಮಾತ್ರೆ ಒಗ್ಗಿರಬೇಕು, ಬಾಗಿಲಿಗೆ ಎಣ್ಣೆ ಬಿಟ್ಟಂತಾಗಿ ಕಿರುಗುಟ್ಟುವುದು ನಿಂತಿರಬೇಕು ಎಂದುಕೊಂಡಳು. ಮಲಗಲಿ ಪಾಪ ಎಂದುಕೊಂಡಳು. ಕೈ ತೆಗೆದಳು.

ಎರಡು ದಿನ ಕಳೆದ ಮೇಲೆ, ಬೆಳಿಗ್ಗೆ ಸಾಲಿನ ಮೂರನೆಯವನಿಗೆ ಮೊಸರು ಎತ್ತುತ್ತಿದ್ದಾಗ ಹೆಪ್ಪಣ್ಣನ ಕೈಯಿಂದ ಸೌಟು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದ. ಕೈ ಹೋಗಲಿಲ್ಲ. ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದ. ಏನೋ ಹೇಳಿದ. ಮಾತಿನ ಬದಲು ಬಾಯ ಒಂದು ಬದಿಯಿಂದ ಜೊಲ್ಲು ಬಂತು.

ಲೋಹದ ಬಾಗಿಲ ಮೇಲೆ ಹೆಪ್ಪು ಕಟ್ಟಿತ್ತು. ಅದರ ಒಂದು ಚೂರು ಒಡೆದು ತಲೆಗೇರಿ ಮಿದುಳಿನ ನಾಳವೊಂದರಲ್ಲಿ ಸಿಕ್ಕಿಕೊಂಡಿತ್ತು. ಉಳಿದದ್ದು ಬಾಗಿಲನ್ನು ತೆರೆಯಲೂ ಮುಚ್ಚಲೂ ಬಿಡದೆ ಕೂತಿತ್ತು. ಎದೆಯನ್ನು ಎರಡನೆಯ ಸಲ ತೆರೆಯಬೇಕಾಯಿತು. ಏಳುವುದು ಖಾತ್ರಿಯಿಲ್ಲ ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡರು. ತೀವ್ರ ನಿಗಾ ಕೋಣೆಯ ಮುಂದೆ ಹೆಂಡತಿಯ ತಮ್ಮ ಕಂಬದಂತೆ ನಿಂತಿದ್ದ. ಟ್ರಾಲಿ ತಳ್ಳಿಕೊಂಡು ಬಂದ ನರ್ಸ್ ಹೇಳಿದಳು:

"ಬಾಗಿಲಲ್ಲಿ ನಿಲ್ಬೇಡಿ. ಮುಂದೆ ಹೋಗಿ."

ಅವನು ಮುಂದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಆಮೇಲೆ ಎಷ್ಟೋ ತಿಂಗಳು ಅವನ ಗಂಟಲು ಪಕ್ಕದ ಮನೆಗೂ ಕೇಳಲಿಲ್ಲ.

ಡಾಕ್ಟರಮ್ಮ ಹೆಂಡತಿಯನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ಅವಳು ಎಲ್ಲ ಹೇಳಿದಳು, ಬಾವಿ ನೀರು ನಲ್ಲಿ ನೀರಿನ ಮಾತನ್ನೂ. ಡಾಕ್ಟರಮ್ಮ ಬಯ್ಯುವರೆಂದು ಕಾದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಆ 'ತೆಳು' ಅನ್ನೋ ಮಾತೇ ತಪ್ಪಮ್ಮ. ನಾವೇ ಹೇಳಿ ಹೇಳಿ ಕೆಡಿಸಿದ್ದೀವಿ. ಯಾವ ಮಾತ್ರೆಯಿಂದಲೂ ರಕ್ತ ತೆಳ್ಳಗಾಗಲ್ಲ. ಹೆಪ್ಪು ಕೂರೋದು ತಡ ಆಗುತ್ತೆ, ಅಷ್ಟೆ. ನೀವು ಹೆಪ್ಪಿನೋರು, ನಿಮಗೆ ಹೇಳ್ಬೇಕಾ? ರಕ್ತದ ಹೆಪ್ಪು ಒಂದು ಸಾಮಾನಲ್ಲ, ಹತ್ತು ಹನ್ನೆರಡು. ಒಂದು ಇನ್ನೊಂದನ್ನ ಎಬ್ಬಿಸುತ್ತೆ, ಅದು ಮತ್ತೊಂದನ್ನ. ಹೆಚ್ಚಿನದು ತಯಾರಾಗೋದು ಲಿವರ್‌ನಲ್ಲಿ. ಅದರಲ್ಲಿ ನಾಲ್ಕನ್ನ ಹದ ಮಾಡೋಕೆ ಸೊಪ್ಪಿನಲ್ಲಿರೋ ವಿಟಮಿನ್ ಕೆ ಬೇಕು. ಹಳೇ ಮಾತ್ರೆ ಅದಕ್ಕೆ ಅಡ್ಡ ಬರುತ್ತೆ. ನಾಲ್ಕೂ ಸಪ್ಪೆ ಆಗ್ತವೆ. ಅದಕ್ಕೇ ಸೊಪ್ಪು ತಿಂದ್ರೆ ಏರುಪೇರು, ಬೇರೆ ಔಷಧಿ ತಗೊಂಡ್ರೆ ಏರುಪೇರು, ಅದಕ್ಕೇ ಆ ಪರೀಕ್ಷೆ."

"ಹೊಸದು?"

"ಹೊಸದು ಆ ಸಾಮಾನೆಲ್ಲ ತಯಾರಾಗೋಕೆ ಬಿಡುತ್ತೆ. ಆ ಸಾಲಿನಲ್ಲಿ ಒಬ್ಬನ ಕೈ ಮಾತ್ರ ಹಿಡ್ಕೊಳುತ್ತೆ. ಬೇಗ ಹಿಡಿಯುತ್ತೆ, ಬೇಗ ಬಿಡುತ್ತೆ, ಅದಕ್ಕೇ ದಿನಕ್ಕೆ ಎರಡು ಸಲ. ನಿಮ್ಮ ತಮ್ಮನ ಎದೆಯೊಳಗೆ ಇರೋದು ಅವನದೇ ಮಾಂಸ, ಅಲ್ಲಿಗೆ ಅಷ್ಟು ಸಾಕು. ಇವರ ಎದೆಯೊಳಗೆ ಲೋಹ ಇದೆ. ರಕ್ತ ಲೋಹ ಮುಟ್ಟಿದ್ರೆ ಸುಮ್ನಿರಲ್ಲ, ಆ ಸಾಲನ್ನೇ ಒಟ್ಟಿಗೆ ಎಬ್ಬಿಸುತ್ತೆ. ಒಬ್ಬನ ಕೈ ಹಿಡಿದ್ರೆ ಏನು ಬಂತು? ಅರ್ಧ ತಗೊಂಡಿದ್ದು ಬೇರೆ ತಪ್ಪು. ಪೂರ್ತಿ ತಗೊಂಡಿದ್ರೂ ಈ ಬಾಗಿಲಿಗೆ ಅದು ಮಾತ್ರೆಯೇ ಅಲ್ಲ."

ಹಾಲಿಗೆ ನೀರು ಬೆರೆಸುವುದು ಬೇರೆ, ಹೆಪ್ಪು ಕೂರದಂತೆ ಮಾಡುವುದು ಬೇರೆ. ನೀರು ಬೆರೆಸಿದ ಹಾಲಿಗೂ ಹೆಪ್ಪು ಹಾಕಿದರೆ ಅದು ಕೂರುತ್ತದೆ. ಇದನ್ನು ಬೀದಿಯಲ್ಲಿ ಯಾರಾದರೂ ಕೇಳಿದ್ದರೆ ಅವಳೇ ನಕ್ಕು ಹೇಳಿಕೊಡುತ್ತಿದ್ದಳು. ತನ್ನ ಕಸುಬಿನಲ್ಲಿ ಗೊತ್ತಿದ್ದದ್ದು ತನ್ನ ಗಂಡನ ವಿಷಯಕ್ಕೆ ಬಂದಾಗ ಗೊತ್ತಾಗಲಿಲ್ಲ.

"ಆ ಟಿಕ್ ಟಿಕ್ ಯಾವಾಗ ನಿಂತೋಯ್ತು, ಗಮನಿಸಿದ್ರಾ?" ಎಂದು ಡಾಕ್ಟರಮ್ಮ ಕೊನೆಗೆ ಕೇಳಿದರು. "ಸದ್ದು ಅಡಗೋದೇ ಮೊದಲ ಸೂಚನೆ. ಆಗಲೇ ಬಂದಿದ್ರೆ ಕೈ ಉಳೀತಿತ್ತೇನೋ."

ಅವಳು "ಗೊತ್ತಾಗ್ಲಿಲ್ಲ" ಎಂದಳು.

ಆ ಒಂದು ಮಾತನ್ನು ಅವಳು ಮನೆಗೆ ಹೊತ್ತುಕೊಂಡು ಬಂದಳು. ಗಂಡನನ್ನೂ ಕರೆತಂದಳು, ಎರಡು ತಿಂಗಳಾದ ಮೇಲೆ. ಜೀವ ಉಳಿದಿತ್ತು. ಮಾತು ಎಳೆದೆಳೆದು ಬರುತ್ತಿತ್ತು. ಎತ್ತಿದ ಕೈ ಈಗ ಎತ್ತಲಾರದ ಕೈ. ಹೊಸ ಬಾಗಿಲು ಹಳೆಯದಕ್ಕಿಂತ ಜೋರಾಗಿ ಟಿಕ್ ಎನ್ನುತ್ತಿತ್ತು. ಕಪಾಟಿನ ಮೇಲಿನ ಡಬ್ಬಿ ಕೆಳಗಿಳಿಯಿತು. ಮತ್ತೆ ಪರೀಕ್ಷೆ, ಮತ್ತೆ ಅಂಕಿ, ಅಳತೆಯ ಸೊಪ್ಪು. ಲ್ಯಾಬಿನಾಕೆ ಈಗ ಸೊಪ್ಪಿನ ಹಾಡು ಕೇಳುವುದಿಲ್ಲ. ಎಡಗೈಯನ್ನು ಹಿಡಿದು ಸುಮ್ಮನೆ ಚುಚ್ಚುತ್ತಾಳೆ.

ಅಂಗಡಿ ಮುಚ್ಚಿದ್ದ ಆ ಎರಡು ತಿಂಗಳಲ್ಲಿ ಬಟ್ಟಲ ಹೆಪ್ಪು ಹುಳಿಯಾಗಿ, ಒಣಗಿ, ಬೂಸಲು ಹಿಡಿದಿತ್ತು. ಮೂವತ್ತನಾಲ್ಕು ವರ್ಷದ ವಂಶ ಅಲ್ಲಿಗೆ ಮುಗಿಯಿತೆಂದು ಅವಳು ಬಟ್ಟಲು ತೊಳೆದಿಟ್ಟಳು. ನಾಲ್ಕನೆಯ ದಿನ ಟೀಚರಮ್ಮ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಅಂಥದೇ ಇನ್ನೊಂದು ಸ್ಟೀಲ್ ಡಬ್ಬಿ.

"ನಿಮ್ಮದೇ ಹೆಪ್ಪು" ಎಂದರು. "ಅವತ್ತು ಬಿಟ್ಟಿದ್ದು ನಿಮ್ಮ ಅಂಗಡಿಯನ್ನ, ಮೊಸರನ್ನ ಬಿಡೋಕಾಗ್ಲಿಲ್ಲ. ಮನೆಯಲ್ಲಿ ಉಳಿದಿದ್ದರಲ್ಲೇ ದಿನಾ ಹೆಪ್ಪು ಹಾಕ್ಕೊಳ್ತಿದ್ದೆ. ತಗೊಳ್ಳಿ. ನನ್ನದೇನೂ ಚೆನ್ನಾಗಿ ಬರಲ್ಲ."

ಹಾಲು ಕಾಯಿಸಿದರು. ಹೆಪ್ಪಣ್ಣ ಕೊಳಗದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಎಡಗೈಯಿಂದ ಬಲಗೈಯನ್ನು ಎತ್ತಿ, ಕಿರುಬೆರಳನ್ನು ಹಾಲಿಗೆ ಇಳಿಬಿಟ್ಟ. ಐದು ಎಣಿಸಿದ. ಬೆರಳು ಏನೂ ಹೇಳಲಿಲ್ಲ. ಹತ್ತು ಎಣಿಸಿದ. ಹೆಂಡತಿ ಓಡಿಬಂದು ಕೈ ಎಳೆದಾಗ ಬೆರಳು ಬೆಂದು ಕೆಂಪಾಗಿತ್ತು. ಅವನು ಅದನ್ನೂ ನೋಡಿಯೇ ತಿಳಿದುಕೊಂಡ. ಎಡಗೈಯಲ್ಲೂ ಪ್ರಯತ್ನಿಸಿದ. ಅದಕ್ಕೆ ಹಾಲಿನ ಭಾಷೆ ಬರುತ್ತಿರಲಿಲ್ಲ.

ಈಗ ಬೆರಳು ಅವಳದು. ಮೊಸರು ಕೂರುತ್ತದೆ. ಒಂದು ದಿನ ಗಟ್ಟಿ, ಒಂದು ದಿನ ಲೋಳೆ. ಅವನು ಒಂದು ಚಮಚ ಬಾಯಿಗಿಟ್ಟುಕೊಂಡು, ಚಮಚ ಕೆಳಗಿಡುತ್ತಾನೆ. ಸಾಲು ಮೂರಕ್ಕೆ ಬಂದು ನಿಂತಿದೆ. ಟೀಚರಮ್ಮ ಮೊದಲು ಬರುತ್ತಾರೆ.

ಹೀಗೆಯೇ ಒಂದು ಮಧ್ಯಾಹ್ನ, ಅದೇ ಹಿಂದಿನ ಕೋಣೆ. ಅವನ ಎದೆ ಟಿಕ್ ಟಿಕ್ ಎನ್ನುತ್ತಿತ್ತು. ಅವನು ಸೂರು ನೋಡುತ್ತಾ ಮಲಗಿದ್ದ. ಅವಳು ಅವನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಏಳು ತಿಂಗಳು ಗಂಟಲಲ್ಲಿ ಹೆಪ್ಪುಗಟ್ಟಿದ್ದ ಮಾತು ಅವತ್ತು ಯಾವ ಮಾತ್ರೆಯೂ ಇಲ್ಲದೆ ಕರಗಿತು.

"ರೀ, ಒಂದು ಮಾತು ಹೇಳ್ತೀನಿ, ಬೈದ್ರೂ ಸರಿ. ನೀವು ಬೀಳೋ ಎರಡು ದಿನ ಮುಂಚೆ ನನಗೆ ಗೊತ್ತಾಗಿತ್ತು, ಸದ್ದು ನಿಂತಿದ್ದು. ಕಿವಿ ಇಟ್ಟೂ ನೋಡ್ದೆ. ಎಬ್ಬಿಸ್ಲಿಲ್ಲ. ನಾನೇ ನಿಮ್ಮ ಕೈ ಕಳೆದೆ."

ಅವನು ಸೂರಿನಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದ. ಮಾತು ಕೂಡಿಸಿಕೊಳ್ಳಲು ಅವನಿಗೆ ಈಗ ಬಹಳ ಹೊತ್ತು ಬೇಕಾಗುತ್ತಿತ್ತು.

"ನನಗೆ... ಅದು ಅಡಗ್ತಾ ಬಂದಿದ್ದು... ನಿನಗಿಂತ ನಾಲ್ಕು ದಿನ ಮೊದಲೇ... ಗೊತ್ತಾಗಿತ್ತು."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು.

"ಗೊತ್ತಾಗಿತ್ತಾ? ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಹನ್ನೊಂದು ವರ್ಷದ ಮೇಲೆ... ಕಣ್ತುಂಬ ನಿದ್ದೆ ಬರ್ತಿತ್ತು ಕಣೇ. ಹೇಳಿದ್ರೆ ನೀನು ಎಬ್ಬಿಸ್ತಿದ್ದೆ."